ಯುದ್ಧದಾಗ ಉಕ್ರೇನ್‌ನಿಂದ ಬಂದ ಆನ್‌ಲೈನ್ ಎಂಬಿಬಿಎಸ್ ಕ್ಲಾಸ್: ಬಾಗಲಕೋಟಿಯಾಗ ಕುಂತು ಕೇಳಿದಾಂವನ ರಿವ್ಯೂ

ಪಿಯುಸಿ ಮುಗಿಸಿದ ಹುಡುಗರ ಅಪ್ಪಂದಿರು ಈಗೂ ನಮ್ಮ ಮನಿಗೆ ಬಂದು ಕೇಳ್ತಾರ, ಉಕ್ರೇನ್‌ಗೆ ಕಳಸೋಣೋ ಬ್ಯಾಡೋ, ಆನ್‌ಲೈನ್ ಕ್ಲಾಸ್ ನಡೀತಾವಂತಲ್ಲ ಹೆಂಗಿರ್ತಾವು ಅಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಒಮ್ಮೆ ಪೂರ್ತಿ ಬರದಬಿಡತೇನಿ. ಪೂರ್ತಿ ಫೀ ಕಟ್ಟಿ, ನವನಗರದ ನಮ್ಮ ಮನಿಯಾಗ ಕುಂತು ಒಂದ ವರ್ಷದ ಮ್ಯಾಲೆ ಈ ಕ್ಲಾಸ್ ಕೇಳೇನಿ. ಯುನಿವರ್ಸಿಟಿ ಹೆಸರು ಬರಿಯಂಗಿಲ್ಲ, ಪೂರ್ವದ ಕಡೆ ಊರು ಅಂತ ತಿಳಕೋರಿ.

2022ರ ಫೆಬ್ರವರಿ 24ಕ್ಕ ಯುದ್ಧ ಶುರುವಾದಾಗ ನಾನು ಮೂರನೇ ವರ್ಷ. ಹಾವೇರಿ ಕಡೆ ಹುಡುಗ ಖಾರ್ಕಿವ್‌ನಾಗ ತೀರಿಹೋದ ಸುದ್ದಿ ಬಂದಾಗ ನಾವಿನ್ನೂ ಟ್ರೇನಿನಾಗ ಇದ್ವಿ, ನಮ್ಮವ್ವ ಫೋನ್ ಹಚ್ಚಿ ಹಚ್ಚಿ ಸಾಕಾಗಿದ್ಲು. ಡಾಕ್ಟರ್ ಆಗಾಕಂತ ಹೋದ ಆ ಹುಡುಗನ ದೇಹಾನ ಅವರ ಮನಿಯವರು ದಾವಣಗೆರೆ ಮೆಡಿಕಲ್ ಕಾಲೇಜಿಗೆ ಕೊಟ್ರು, ಹುಡುಗರು ಓದ್ಲಿ ಅಂತ. ಅದನ್ನ ನೆನಸ್ಕೊಂಡ್ರ ಈಗೂ ಬಾಯಿ ಕಟ್ತೈತಿ. ನಮ್ಮ ಸರ್ಕಾರ ಹುಡುಗರನ್ನ ವಾಪಸ್ ಕರಕೊಂಡು ಬರಾಕ ಬಿಟ್ಟ ಆಪರೇಷನ್ ಗಂಗಾ ವಿಮಾನದಾಗ ನಾನು ಮನಿ ಮುಟ್ಟಿದೆ.

ಇನ್ನ ಓದು ಮುಗೀತು ಅನಕೊಂಡಿದ್ದೆ, ಆದ್ರ ಮಾರ್ಚ್‌ನಾಗನ ಮೆಸೇಜ್ ಬಂತು, ಸೋಮವಾರದಿಂದ ಕ್ಲಾಸ್ ಅಂತ. ಅಲ್ಲೆ ಮುಂಜಾನೆ ಎಂಟೂವರಿ ಅಂದ್ರ ಇಲ್ಲೆ ಚಳಿಗಾಲಕ್ಕ ಮಧ್ಯಾಹ್ನ ಹನ್ನೆರಡು, ಬ್ಯಾಸಗಿಗೆ ಹನ್ನೊಂದು. ಮೇಡಂ ಕೋಟು ಟೊಪಗಿ ಹಾಕ್ಕೊಂಡು ನೆಲಮಾಳಿಗಿಯಾಗ ಕುಂತಿರ್ತಿದ್ರು. ಸೈರನ್ ಆದ್ರ ಮೇಲಿರೋ ಟೀಚರ್‌ಗಳು ಕ್ಲಾಸ್ ನಿಲ್ಲಿಸಿ ಕೆಳಗ ಇಳೀಬೇಕು, ಉಳಿದ ಪಾಠ ರೆಕಾರ್ಡ್ ಮಾಡಿ ಕಳಿಸೋದು. 2022ರ ಅಕ್ಟೋಬರ್‌ನಿಂದ ರಷ್ಯಾ ಅವರ ಕರೆಂಟ್ ಲೈನು ಪವರ್ ಸ್ಟೇಷನ್‌ಗಳ ಮ್ಯಾಲೆ ಬಿತ್ತಲ್ಲ, ಆವಾಗಂತೂ ಕರೆಂಟ್ ಬಂದಾಗ ಅಪ್‌ಲೋಡ್, ಅವರಿಗೆ ನಡುರಾತ್ರಿ ಆದ್ರೂ ಸೈತ. ಆ ವರ್ಷ ಒಂದ ಟಾಪಿಕ್ ಬಿಟ್ಟಿಲ್ಲ ನಮ್ಮ ಮೇಡಂ. ನಮಗ ಇಲ್ಲೆ ಎರಡ ತಾಸು ಕರೆಂಟ್ ಹೋದ್ರ ಹೆಸ್ಕಾಂಗೆ ಬೈತೀವಿ, ಅವರು ಮೊಬೈಲ್ ಟಾರ್ಚ್ ಹಿಡಕೊಂಡು ಇಸಿಜಿ ಹೇಳಿಕೊಟ್ರು.

ಥಿಯರಿಗೆ ನನ್ನ ಕಡಿಯಿಂದ ಒಂದ ಮಾತಿಲ್ಲ, ಚೊಲೊ ಇತ್ತು. ರೆಕಾರ್ಡಿಂಗ್ ತಿರುಗಿ ತಿರುಗಿ ನೋಡಬಹುದು, ಪೆಥಾಲಜಿ ನಾನು ಹಂಗನ ಗಟ್ಟಿ ಮಾಡಿಕೊಂಡೆ. ಪರೀಕ್ಷೆ ವಿಷಯದಾಗೂ ಅಲ್ಲಿ ಸರ್ಕಾರ ಲಗೂನ ದಾರಿ ಮಾಡ್ತು, ಮೂರನೇ ವರ್ಷದವರ ಕ್ರೋಕ್-1 ಅನ್ನೋ ಸರ್ಕಾರಿ ಪರೀಕ್ಷೆ ಮುಂದಿನ ವರ್ಷಕ್ಕ ಹಾಕಿ ನಾಲ್ಕನೇ ವರ್ಷಕ್ಕ ಬಿಟ್ರು, ಆರನೇ ವರ್ಷದವರಿಗೆ ಕಡೀ ಪರೀಕ್ಷೆ ಕ್ರೋಕ್-2 ಇಲ್ಲದನ ಡಿಗ್ರಿ. ಎರಡನೇ ಮಹಾಯುದ್ಧದಾಗ ಅಮೆರಿಕದವರು ರಜಾ ತಗದು ನಾಕ ವರ್ಷದ ಮೆಡಿಕಲ್ ಕೋರ್ಸ್ ಮೂರಕ್ಕ ಇಳಿಸಿದ್ರು, ಸೈನ್ಯಕ್ಕ ಡಾಕ್ಟರ್ ಬೇಕಾಗಿದ್ರಲ್ಲ. ಆದ್ರ ಅವರ ಕಾಲೇಜು, ವಾರ್ಡು ಎಲ್ಲಾ ನೆಟ್ಟಗ ಇದ್ವು, ಹುಡುಗರು ಪೇಷಂಟ್ ಮುಂದನ ಇದ್ರು. ನಮಗ ತಪ್ಪಿದ್ದು ಅದ ನೋಡ್ರಿ.

ಒಂದ ದಿನದ್ದು ಹೇಳತೇನಿ. ಪರ್ಕಶನ್ ಪಾಠ, ಅಂದ್ರ ಮೈ ಮ್ಯಾಲೆ ಬೆರಳಿಂದ ಬಡದು ಆವಾಜಿನ ಮ್ಯಾಲೆ ಒಳಗ ಏನೈತಿ ಅಂತ ತಿಳಕೊಳ್ಳೋದು. ಎಡಗೈ ನಡುಬೆರಳು ಪೇಷಂಟ್ ಎದಿ ಮ್ಯಾಲೆ ಒತ್ತಿ ಇಟ್ಟು, ಬಲಗೈ ನಡುಬೆರಳಿಂದ ಅದರ ಮ್ಯಾಲೆ ಟಕ್ ಟಕ್ ಬಡೀಬೇಕು. ಗಾಳಿ ತುಂಬಿದ ಶ್ವಾಸಕೋಶದ ಮ್ಯಾಲೆ ಟೊಳ್ಳ ಆವಾಜು, ಲಿವರ್ ಮ್ಯಾಲೆ, ನೀರ ತುಂಬಿದಲ್ಲೆ ಮಂದ ಆವಾಜು. ಮೇಡಂ ಕಪಾಟಿನ ಬಾಗಿಲ ಬಡದು ತೋರಿಸಿದ್ರು, ಆದ್ರ ವಿಡಿಯೋ ಕಾಲ್‌ನ ಆಪ್ ಆ ಟಕ್ ಟಕ್ ಅನ್ನೋದನ್ನ ಗದ್ದಲ ಅಂತ ತಿಳಿದು ಕತ್ತರಿಸಿಬಿಡೋದು, ನಮಗ ಬೆರಳು ಆಡೋದಷ್ಟ ಕಾಣತಿತ್ತು, ಆವಾಜಿಲ್ಲ. ಆಗ ಮೇಡಂ ಒಂದ ಮಾತು ಹೇಳಿದ್ರು. 1761ರಾಗ ಇದನ್ನ ಬರದಿಟ್ಟ ವಿಯೆನ್ನಾದ ಡಾಕ್ಟರ್ ಔಯೆನ್‌ಬ್ರುಗರ್ ಖಾನಾವಳಿ ನಡಸೋರ ಮಗ, ವೈನ್ ಪೀಪಾಯಿ ಬಡದು ಎಲ್ಲಿತನ ತುಂಬೈತಿ ಅಂತ ನೋಡೋದನ್ನ ಸಣ್ಣಾಂವಿದ್ದಾಗ ಕಂಡಾಂವ ಅಂತ. ಕ್ಲಾಸ್ ಮುಗದ ಕೂಡಲೇ ನಾನು ಜ್ವಾಳದ ಪೀಪಾಯಿ ಹತ್ರ ಹೋಗಿ ಮ್ಯಾಲಿಂದ ಬಡಕೋತ ಬಂದೆ, ನಡುವ ಒಂದ ಕಡೆ ಆವಾಜು ಗಪ್ಪನ ಕೂತತು. ನಮ್ಮವ್ವ ಒಲಿ ಮುಂದಿಂದನ ಅಂದ್ಲು, ಅಲ್ಲೀತನ ಐತಿ ನೋಡು, ಇನ್ನೊಂದ ತಿಂಗಳಿಗಾಗತೈತಿ. ಆಕಿಗೆ ನೋಡದನ ಗೊತ್ತಾತು.

ಆದ್ರ ಪೀಪಾಯಿ ಪೇಷಂಟ್ ಅಲ್ಲ. ಅದಕ್ಕ ನೋವಿಲ್ಲ, ಕೆಮ್ಮಿಲ್ಲ, ಮಗ್ಗಲಾ ಹೊಳ್ಳಂಗಿಲ್ಲ. ಆನ್‌ಲೈನ್ ಒಂದ ವರ್ಷ ನಾನು ಒಬ್ಬ ಪೇಷಂಟ್‌ಗೂ ಕೈ ಮುಟ್ಟಲಿಲ್ಲ. ಇಲ್ಲೇ ಒಂದ ಆಸ್ಪತ್ರಿಗೆ ಹೋಗಿ ಸುಮ್ನ ನಿಂತು ನೋಡತೇನ್ರಿ ಅಂತ ಕೇಳಿದೆ, ಪರ್ಮಿಷನ್ ಸಿಗಲಿಲ್ಲ. ನಮ್ಮ ಏಜೆಂಟ್‌ಗೆ ಫೋನ್ ಮಾಡಿದ್ರ ಎಲ್ಲಾ ಒಂದರೀ ಆನ್‌ಲೈನ್ ಆದ್ರೇನು ಅಂದ. ಒಂದಲ್ಲ. ನಮ್ಮ ದೇಶದ ಮೆಡಿಕಲ್ ಓದಿನ ನಿಯಮ ಮಾಡೋ ಎನ್‌ಎಂಸಿ 2022ರ ಸೆಪ್ಟೆಂಬರ್‌ನಾಗ ಬ್ಯಾರೆ ದೇಶದ ಕಾಲೇಜಿನಾಗ ಕಲತು ಡಿಗ್ರಿ ಮೂಲ ಯುನಿವರ್ಸಿಟಿಯಿಂದನ ತಗೋರಿ ಅಂತ ಮೊಬಿಲಿಟಿಗೆ ಒಪ್ಪಿಗಿ ಕೊಡ್ತು, ನಾನು ಮರುವರ್ಷ ಜಾರ್ಜಿಯಾಕ್ಕ ಹೋದೆ. ಮೊದಲ ದಿನ ಒಬ್ಬ ಅಜ್ಜನ ಬೆನ್ನ ಮ್ಯಾಲೆ ಬೆರಳಿಟ್ಟು ಬಡದೆ, ಪ್ಲೂರಾದಾಗ, ಅಂದ್ರ ಶ್ವಾಸಕೋಶದ ಸುತ್ತಿನ ಪದರಿನಾಗ ನೀರ ತುಂಬಿತ್ತು, ಆವಾಜು ಸರಿಯಾಗಿ ಗುರ್ತ ಹಿಡದೆ. ಆದ್ರ ನನ್ನ ಕೈ ತಣ್ಣಗಿತ್ತು, ಅಜ್ಜ ಬೆಚ್ಚಿಬಿದ್ದ. ಮುಟ್ಟೂಕಿಂತ ಮೊದಲ ಕೈ ತಿಕ್ಕಿ ಬಿಸಿ ಮಾಡಿಕೋಬೇಕು ಅನ್ನೋದು ಯಾವ ರೆಕಾರ್ಡಿಂಗ್‌ನಾಗೂ ಇರಲಿಲ್ಲ.

ಪಾಠ ಮಾಡಿದವರಿಗೆ 5ಕ್ಕ 5. ಆನ್‌ಲೈನ್ ಕ್ಲಿನಿಕಲ್‌ಗೆ 5ಕ್ಕ 1. ಮಗನ್ನ ಕಳಸೋರು ಏಜೆಂಟ್‌ಗೆ ಕಾಲೇಜು ಬಿಲ್ಡಿಂಗ್ ಫೋಟೋ ಕೇಳಬ್ಯಾಡ್ರಿ, ವಾರಕ್ಕ ಎಷ್ಟ ದಿನ ವಾರ್ಡಿನಾಗ ನಿಲ್ಲಸ್ತಾರ, ಯುದ್ಧ ಬಂದ್ರ ಯಾವ ಆಸ್ಪತ್ರಿಗೆ ಕಳಸ್ತಾರ, ಬರದು ಕೊಡ್ರಿ ಅನ್ನಿರಿ. ಈಗ ನಾನು ಎಫ್‌ಎಂಜಿಇ, ಅಂದ್ರ ಹೊರದೇಶದಾಗ ಎಂಬಿಬಿಎಸ್ ಮಾಡಿದವರು ಇಲ್ಲೆ ಡಾಕ್ಟರ್ ಆಗಾಕ ಬರಿಯೋ ಪರೀಕ್ಷೆಗೆ ಓದಾಕತ್ತೇನಿ, 300 ಪ್ರಶ್ನೆ, ಪಾಸಾಗಾಕ 150 ಬೇಕು, ಎಲ್ಲಾ ಟಿಕ್ ಮಾಡೋವು. ಮೇಡಂ ಆವಾಗ ಕಳಿಸಿದ ರೆಕಾರ್ಡಿಂಗ್ ಇನ್ನೂ ಲ್ಯಾಪ್‌ಟಾಪ್‌ನಾಗ ಅದಾವು, ಹಾರ್ಟ್ ಮರ್ಮರ್ (ಹೃದಯದ ಬಡಿತದಾಗ ಕೇಳೋ ಬ್ಯಾರೆ ಆವಾಜು) ಓದೋಮುಂದ ಅವನ್ನ ಹಚ್ಚತೇನಿ, ಪಾಠದ ನಡುವ ದೂರದಾಗ ಸೈರನ್ ಕೇಳತೈತಿ, ಮೇಡಂ ಒಂದ ನಿಮಿಷ ಸುಮ್ನಾಗಿ ಮತ್ತ ಅದ ವಾಕ್ಯದಿಂದ ಮುಂದ ಶುರು ಮಾಡತಾರ.