ವಿ-ಕ್ರಾಸ್‌ಗೆ ಎರಡು ಇಂಚು ಲಿಫ್ಟ್: ಮುಂದೆ ಏರಿತು, ಹಿಂದೆ ಏರಲಿಲ್ಲ

ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ಕಲಬುರಗಿಯ ರಿಂಗ್ ರೋಡ್ ಕಡೆ ಇದೆ ಅಂದುಕೊಳ್ಳಿ, ಸಾಕು. ಉಸ್ತಾದ್ ಕೈ ಒಳ್ಳೆಯದು, ಲೆಕ್ಕ ಮಾತ್ರ ಸ್ವಲ್ಪ ಕಚ್ಚಾ. ಆ ಲೆಕ್ಕದ ಕಥೆಯೇ ಈ ರಿವ್ಯೂ.

ನನ್ನದು 2018ರ ಇಸುಜು ವಿ-ಕ್ರಾಸ್ ಪಿಕಪ್. ಹೊಲ ಜೇವರ್ಗಿ ಕಡೆ. ಭೀಮಾ ಸೇತುವೆ ದಾಟಿ ಡಾಂಬರು ಬಿಡುವ ತನಕ ಏನೂ ತಕರಾರಿಲ್ಲ. ಆಮೇಲೆ ಎರೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಗೇಣು ಆಳ ತಗ್ಗು ಬಿದ್ದಿರುತ್ತದೆ, ದಸರಾ ದಾಟುವಷ್ಟರಲ್ಲಿ ಅದೇ ಒಣಗಿ ಕಲ್ಲಾಗುತ್ತದೆ, ನಡುವೆ ಉಳಿದ ದಿಬ್ಬ ಗಾಡಿಯ ಹೊಟ್ಟೆಗೆ ಉಜ್ಜುತ್ತದೆ. ಆ ಸದ್ದು ಕೇಳಿದಾಗೆಲ್ಲ ನನ್ನ ಹೊಟ್ಟೆಯೂ ಉರಿಯುತ್ತಿತ್ತು. ಹಾಗಾಗಿ ಎರಡು ಇಂಚು ಎತ್ತಿಸೋಣ ಅಂತ ಹೋದೆ.

"ಒಂದ್ ದಿನದ ಕೆಲಸ ಅದ ಸಾಹೇಬ್ರ, ಪಕ್ಕಾ ಎರಡ್ ಇಂಚ್ ಏರ್ತದ" ಅಂದರು. ಮುಂದೆ ಸ್ಪ್ರಿಂಗ್ ಮೇಲೆ ಒಂದು ಇಂಚಿನ ಸ್ಪೇಸರ್ ಬಿಲ್ಲೆ, ಹಿಂದೆ ಕಮಾನ್ ಪಟ್ಟಿಗೆ (ಲೀಫ್ ಸ್ಪ್ರಿಂಗ್) ಹಳೆಯದಕ್ಕಿಂತ ಎರಡು ಇಂಚು ಉದ್ದದ ಶ್ಯಾಕಲ್, ಅಂದರೆ ಕಮಾನಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿ. ಕೂಲಿ, ಸಾಮಾನು ಸೇರಿ 11,000. ಸಂಜೆ ಗಾಡಿ ತಂದೆ. ಮನೆ ಮುಂದೆ ನಿಲ್ಲಿಸಿ ದೂರದಿಂದ ನೋಡಿದರೆ ಮೂತಿ ಎತ್ತಿದ ಹೋರಿಯ ಹಾಗೆ ನಿಂತಿದೆ!

ಟೇಪ್ ಹಿಡಿದೆ. ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಮ್ಮಿ ಆದದ್ದೂ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕೆ ಮುಂಚೆ ಅಳೆದು ಬರೆದಿಟ್ಟಿದ್ದೆ, ಪುಣ್ಯ. ಮುಂದೆ ಎರಡಕ್ಕೆ ಒಂದು ಸೂತು (ಇಂಚಿನ ಎಂಟನೇ ಒಂದು ಪಾಲು) ಕಮ್ಮಿ ಏರಿತ್ತು. ಹಿಂದೆ ಬರೀ ಒಂದು ಇಂಚು.

ಮೋಸ ಏನೂ ಅಲ್ಲ. ಮುಂದೆ ಸ್ಪ್ರಿಂಗ್ ಕೂರುವುದು ಗಾಲಿಯನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ, ಗಾಲಿ ಇರುವುದು ಅದರ ತುದಿಯಲ್ಲಿ, ಆದ್ದರಿಂದ ಮೇಲೆ ಒಂದು ಇಂಚು ಇಟ್ಟರೆ ಗಾಲಿ ಹತ್ತಿರ ಹೆಚ್ಚುಕಮ್ಮಿ ಎರಡಾಗುತ್ತದೆ. ಹಿಂದೆ ಉಲ್ಟಾ. ಶ್ಯಾಕಲ್ ಕಮಾನಿನ ಒಂದೇ ತುದಿಯನ್ನು ಇಳಿಸುತ್ತದೆ, ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ, ಎಕ್ಸೆಲ್ ಇರುವುದು ನಡುವೆ. ಹಾಗಾಗಿ ಉದ್ದ ಮಾಡಿದ್ದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ಮುಂದಿನದು ಉಸ್ತಾದ್‌ಗೆ ಗೊತ್ತಿತ್ತು, ಹಿಂದಿನದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಾನು ಟೇಪ್ ಹಿಡಿಯಲಿಕ್ಕಿಲ್ಲ ಅಂದುಕೊಂಡರೋ.

ಸುಮ್ನೆ ಬಿಡೋಣ ಅಂದರೆ ತೊಗರಿ ರಾಶಿ ಮುಗಿದಿತ್ತು. ಐದಾರು ಚೀಲ ಹೇರಿದ ಕೂಡಲೇ ಹಿಂಭಾಗ ಇನ್ನೂ ಕುಸಿಯಿತು, ಲೈಟು ಎದುರಿನವರ ಕಣ್ಣಿಗೇ ನೆಟ್ಟಗೆ ಹೋಯಿತು. ಕಂಪನಿಯವರು ಪಿಕಪ್‌ನ ಹಿಂಭಾಗವನ್ನು ಸ್ವಲ್ಪ ಎತ್ತರಕ್ಕೆ ಇಟ್ಟಿರುವುದೇ ಭಾರ ಹೇರಿದಾಗ ಸಮ ಆಗಲಿ ಅಂತ. ಜೇವರ್ಗಿ ರೋಡಿನಲ್ಲಿ ಆ ರಾತ್ರಿ ಎದುರಿಗೆ ಬಂದ ಲಾರಿಯವರೆಲ್ಲ ಡಿಪ್ಪರ್ ಹೊಡೆದರು. ಒಬ್ಬರು ಕಿಟಕಿಯಿಂದ ಏನೋ ಅಂದರು, ಅದನ್ನು ಇಲ್ಲಿ ಬರೆಯಲಾಗದು.

ಎರಡನೇ ಸಲ ಹೋದೆ. ಉಸ್ತಾದ್ ವಾದ ಮಾಡಲಿಲ್ಲ, ಇದು ನನಗೆ ಹಿಡಿಸಿತು. ಹಳೆಯ ಶ್ಯಾಕಲ್ ವಾಪಸ್ ಹಾಕಿ, ಕಮಾನಿಗೆ ಒಂದು ಪಟ್ಟಿ ಸೇರಿಸಿದರು. ಪಟ್ಟಿಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ಉದ್ದದ್ದು, ಕಮಾನನ್ನು ಎಕ್ಸೆಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು. ಹಳೆಯ ಯು ಬೋಲ್ಟನ್ನೇ ಹಾಕುತ್ತೇನೆ ಅಂದವರಿಗೆ ನಾನೇ ಬೇಡ ಅಂದೆ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ, ಮತ್ತೆ ಅದೇ ಬಿಗಿ ಹಿಡಿಯುವ ಭರವಸೆ ಇಲ್ಲ. ಶ್ಯಾಕಲ್ ಹಣ ವಾಪಸ್ ಕೊಟ್ಟರು, ಪಟ್ಟಿಯ ಲೆಕ್ಕ ತೆಗೆದುಕೊಂಡರು. ಈಗ ಹಿಂದೆಯೂ ಎರಡು. ಖಾಲಿ ಇದ್ದಾಗ ಮಾತ್ರ ಗಾಡಿ ಕುಣಿಯುತ್ತದೆ. ಹಿಂದೆ ಕೂತ ನಮ್ಮವ್ವ "ಇದ್ರಕಿಂತ ಬಂಡಿ ಚಲೋ ಇತ್ತು" ಅಂದರು.

ಲಿಫ್ಟ್ ಅಲ್ಲಿಗೆ ಮುಗಿಯಿತು ಅನ್ನುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ವಾರ ಕಳೆಯುವಷ್ಟರಲ್ಲಿ ಎರಡು ಹೊಸ ಕಾಟ. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ತಾನಾಗಿ ವಾಪಸ್ ಬರಲು ಸೋಮಾರಿತನ. ಹಿಂದಿನಿಂದ ಕಿರ್ ಕಿರ್ ಸದ್ದು.

ಸ್ಟೇರಿಂಗ್ ಹಾಗಾದದ್ದು ಅಲೈನ್‌ಮೆಂಟ್‌ನಿಂದ. ಮುಂಭಾಗ ಎತ್ತಿದರೆ ಕ್ಯಾಂಬರ್, ಕ್ಯಾಸ್ಟರ್, ಟೋ ಅನ್ನುವ ಗಾಲಿಯ ಮೂರು ಕೋನಗಳೂ ಜಾಗ ಬಿಡುತ್ತವೆ. ಗ್ಯಾರೇಜಿನಲ್ಲಿ ಮಷಿನ್ ಇಲ್ಲ, "ಹೊರಗ ಮಾಡಿಸ್ಕೋರಿ" ಅಂತ ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ನನ್ನ ದೊಡ್ಡ ದೂರು ಇದೇ. ಬೇರೆ ಅಂಗಡಿಗೆ ಹೋಗಿ ಮಾಡಿಸಿದೆ. ಅಲ್ಲಿನ ಹುಡುಗ ಮೊದಲು ಟೋ ಒಂದನ್ನೇ ಸರಿಮಾಡಿ ಕೈ ತೊಳೆದುಕೊಳ್ಳುತ್ತಿದ್ದ, ಮೂರೂ ನೋಡಪ್ಪಾ ಅಂತ ನಿಂತು ಮಾಡಿಸಬೇಕಾಯಿತು. ತಡಮಾಡಿದ್ದರೆ ಟೈರಿನ ಅಂಚು ಸವೆದು ಲಿಫ್ಟ್‌ಗಿಂತ ದೊಡ್ಡ ಬಿಲ್ ಬರುತ್ತಿತ್ತು.

ಕಿರ್ ಕಿರ್ ಸದ್ದಿಗೆ ಮೂರನೇ ಸಲ ಉಸ್ತಾದ್ ಹತ್ತಿರ. ಗಾಡಿ ಜಾಕ್ ಮೇಲೆ, ಗಾಲಿ ನೇತಾಡುತ್ತಿರುವಾಗಲೇ ಕಮಾನಿನ ತುದಿಯ ರಬ್ಬರ್ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದಿದ್ದರು. ಕೆಳಗಿಳಿಸಿ ಭಾರ ಬಿದ್ದಾಗ ರಬ್ಬರ್ ತಿರುಚಿಕೊಂಡಿತ್ತು. ಸಡಿಲ ಮಾಡಿ, ನೆಲದ ಮೇಲೆ ನಿಲ್ಲಿಸಿ ಗಾಡಿ ನಾಲ್ಕು ಸಲ ಅಲುಗಾಡಿಸಿ, ಆಮೇಲೆ ಬಿಗಿದರು. ಸದ್ದು ಹೋಯಿತು. ದುಡ್ಡು ಕೇಳಲಿಲ್ಲ, ಚಹಾನೂ ಅವರೇ ಕುಡಿಸಿದರು. ಅದೇ ಹೊತ್ತಿಗೆ ಗೋಡೆ ಮುಂದೆ ನಿಲ್ಲಿಸಿ ಹೆಡ್‌ಲೈಟಿನ ಸ್ಕ್ರೂ ತಿರುಗಿಸಿ ಬೆಳಕು ಕೆಳಗಿಳಿಸಿಕೊಂಡೆವು. ಬ್ರೇಕ್ ಪೈಪು ಎಳೆದುಕೊಂಡಿಲ್ಲ, ಮುಂದಿನ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟು ಹರಿದಿಲ್ಲ ಅಂತ ಟಾರ್ಚ್ ಹಿಡಿದು ನೋಡಿದರು. ಸಾವಿರ ಕಿ.ಮೀ. ಆದ ಮೇಲೆ ಬಂದು ಯು ಬೋಲ್ಟ್ ಇನ್ನೊಮ್ಮೆ ಬಿಗಿಸಿಕೊಂಡು ಹೋಗಿ ಅಂದರು.

ಇಷ್ಟೆಲ್ಲ ಆಗಿ ಹೊಲದ ದಿಬ್ಬ? ಮುಂದಿನ ಹೊಟ್ಟೆ ಈಗ ಉಜ್ಜುವುದಿಲ್ಲ. ಹಿಂದಿನ ಹೌಸಿಂಗ್, ಅಂದರೆ ಡಿಫರೆನ್ಷಿಯಲ್ ಇರುವ ಉಂಡೆ, ಮೊದಲು ಎಷ್ಟು ಎತ್ತರದಲ್ಲಿತ್ತೋ ಈಗಲೂ ಅಲ್ಲೇ. ಅದು ಎಕ್ಸೆಲ್ ಜೊತೆಗೇ ಇರುತ್ತದೆ, ಕಮಾನು ಎಷ್ಟೇ ಎತ್ತಿದರೂ ಏರುವುದು ಮೇಲಿನ ಚಾಸಿಸ್ ಮಾತ್ರ. ಅದು ಏರಬೇಕಾದರೆ ಟೈರ್ ದೊಡ್ಡದಾಗಬೇಕು, ಅದೂ ಟೈರ್ ಒಂದು ಇಂಚು ಎತ್ತರ ಬೆಳೆದರೆ ಉಂಡೆ ಏರುವುದು ಅರ್ಧ ಇಂಚು, ಮೇಲಿಂದ ಸ್ಪೀಡೋಮೀಟರ್ ಕಮ್ಮಿ ತೋರಿಸತೊಡಗುತ್ತದೆ. ಪಕ್ಕದ ಹೊಲದ ಕಾಕಾ ಎಲ್ಲ ಕೇಳಿ, "ಟ್ರ್ಯಾಕ್ಟರ್‌ಗೆ ಬ್ಲೇಡ್ ಕಟ್ಟಿ ದಿಬ್ಬ ಕೆರಿಸಿದ್ರ ಆಗ್ತಿತ್ತಲ್ಲೋ ತಮ್ಮಾ" ಅಂದರು. ಕೆರೆಸಿದೆ. ಅರ್ಧ ದಿನದ ಕೆಲಸ.

ಕಾಗದದ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿ ಬದಲಾಯಿಸಲು ಮಿತಿ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿ. ನಾನು ಕೇಳಿದ್ದು ಕೆಲಸ ಆದ ಮೇಲೆ, ಬೈಸಿಕೊಂಡೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಮಾನ್ ಕೆಲಸಕ್ಕಾದರೆ ಮತ್ತೆ ಅಲ್ಲಿಗೇ ಹೋಗುತ್ತೇನೆ. ಹೋಗುವವರು ಟೇಪ್ ಒಯ್ಯಿರಿ, ಗಾಡಿ ಎತ್ತುವ ಮುಂಚೆ ಅವರ ಎದುರಿಗೇ ಅಳೆಯಿರಿ. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿಗೆ ಮುಚ್ಚಿದರೆ ಮೂರರ ತನಕ ಶಟರ್ ಏಳುವುದಿಲ್ಲ.