ಆಯಿಲ್ ಕಪ್ಪಾಗಿದೆ, ಎಂಜಿನ್ ಹೀಟ್ ಆಗಿದೆ ಅಂದರೆ ಸುಮ್ನೆ ನಂಬಬೇಡಿ

ಸರ್ವಿಸ್‌ಗೆ ಬಿಟ್ಟ ಕಾರಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ಬಿಳಿ ಬಟ್ಟೆಗೆ ಒರೆಸಿ, "ನೋಡಿ ಸರ್, ಆಯಿಲ್ ಹೇಗೆ ಸುಟ್ಟಿದೆ, ಎಂಜಿನ್ ಹೀಟ್ ಆಗಿದೆ" ಎಂದು ಯಾರಾದರೂ ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ನನ್ನ ಡೀಸೆಲ್ ಕಾರಿನ ವಿಷಯದಲ್ಲಿ ಆದದ್ದು ಇದೇ.

ಟೆಂಪರೇಚರ್ ಮುಳ್ಳು ಯಾವತ್ತೂ ಮೇಲೇರಿಲ್ಲ, ಕೂಲಂಟ್ ಕಡಿಮೆಯಾಗಿಲ್ಲ, ಹೀಟ್ ಎಲ್ಲಿಂದ ಬಂತು ಎಂದು ಕೇಳಿದೆ. ಮತ್ತೆ ಅದೇ ಬಟ್ಟೆ ತೋರಿಸಿದರು! ಆಯಿಲ್, ಫಿಲ್ಟರ್ ಬಿಟ್ಟು ಬೇರೇನೂ ಮುಟ್ಟಬೇಡಿ ಎಂದು ಹೇಳಿ ಬಂದೆ. ಸಂಜೆ ಬಿಲ್ ನೋಡಿದರೆ ಎಂಜಿನ್ ಫ್ಲಶ್, ಅಂದರೆ ಒಳಗಿನ ಕೊಳೆ ತೊಳೆಯುವ ಕೆಲಸ, ಸೇರಿದೆ. ಕೈಪಿಡಿಯಲ್ಲಿರುವ 5ಡಬ್ಲ್ಯು-30 ಗ್ರೇಡ್ ಆಯಿಲ್ ಬದಲು ಅದಕ್ಕಿಂತ ದಪ್ಪಗಿನ 20ಡಬ್ಲ್ಯು-50 ಹಾಕಿದ್ದಾರೆ. ಹೀಟ್ ತಡೆಯಲಿ ಅಂತ ದಪ್ಪ ಆಯಿಲ್ ಹಾಕಿದ್ವಿ ಎಂಬ ಸಮಜಾಯಿಷಿ ಬೇರೆ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಮೇಲ್ಭಾಗದಲ್ಲಿ ಟಕಟಕ ಸದ್ದು. ಎಂಜಿನ್ ತಣ್ಣಗಿರುವಾಗ ದಪ್ಪ ಆಯಿಲ್ ಮೇಲೇರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೂ ಭಾಗಗಳು ಸರಿಯಾಗಿ ಆಯಿಲ್ ಸಿಗದೆ ಉಜ್ಜಾಡುತ್ತವೆ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಿಗಂತೂ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಡಿಪಿಎಫ್‌ನಲ್ಲಿ ಕೂತ ಮಸಿ ರೀಜನರೇಶನ್‌ನಲ್ಲಿ, ಅಂದರೆ ಫಿಲ್ಟರ್ ಕಾದು ಸ್ವಚ್ಛವಾಗುವಾಗ, ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೇರೊಂದು ಕಡೆ ಆ ಆಯಿಲ್ ಪೂರ್ತಿ ಇಳಿಸಿ ಸರಿಯಾದ್ದನ್ನು ಹಾಕಿಸಿದ ಮೇಲೆ ಸದ್ದು ನಿಂತಿತು. ಕೆಲವೇ ದಿನಕ್ಕೆ ಅದೂ ಕಪ್ಪಾಯಿತು. ಡೀಸೆಲ್‌ನಲ್ಲಿ ಹಾಗಾಗುವುದೇ ಸಹಜ.

ಇಂಧನ ಉರಿದಾಗ ಆಗುವ ಮಸಿಯಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಈಗಿನ ಆಯಿಲ್‌ನಲ್ಲಿ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಇರುತ್ತವೆ. ಕೊಳೆ ಲೋಹಕ್ಕೆ ಅಂಟದಂತೆ, ಮಸಿ ಗಂಟುಕಟ್ಟದಂತೆ ಆಯಿಲ್‌ನಲ್ಲೇ ತೇಲಿಸಿ ಇಡುವುದು ಅವುಗಳ ಕೆಲಸ. ಅಂದರೆ ಮಸಿಯಿಂದ ಬಣ್ಣ ಕಪ್ಪಾದರೆ ಆಯಿಲ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರ್‌ನೊಳಗೇ ನೇರವಾಗಿ ಇಂಧನ ಸಿಂಪಡಿಸುವ) ಪೆಟ್ರೋಲ್ ಎಂಜಿನ್‌ನಲ್ಲೂ ಮಸಿ ಜಾಸ್ತಿ, ಹಾಗಾಗಿ ಅಲ್ಲೂ ಬೇಗ ಕಪ್ಪಾಗಬಹುದು. ಶಾಖಕ್ಕೆ ಆಯಿಲ್ ಬಣ್ಣ ಬದಲಾಗುವುದಿಲ್ಲ ಎಂದಲ್ಲ. ಆದರೆ ಬರೀ ಬಣ್ಣ ನೋಡಿ ಅದು ಮಸಿಯೋ ಶಾಖವೋ ಹೇಳಲು ಸಾಧ್ಯವಿಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ಮಸಿ, ಆಕ್ಸಿಡೇಶನ್ (ಶಾಖ, ಗಾಳಿಗೆ ಆಯಿಲ್ ಹಾಳಾದ ಪ್ರಮಾಣ), ದಪ್ಪ ಎಲ್ಲ ಅಳೆಯಬೇಕು.

ಎಂಜಿನ್ ನಿಜವಾಗಿ ಹೀಟ್ ಆಗಿದ್ದರೆ ಬೇರೆ ಕುರುಹುಗಳಿರುತ್ತವೆ. ಟೆಂಪರೇಚರ್ ಲೈಟ್ ಬಂದಿರುತ್ತದೆ, ಇಲ್ಲವೇ ಕೂಲಂಟ್ ಇಳಿಯುತ್ತಿರುತ್ತದೆ. ಆಯಿಲ್ ತುಂಬುವ ಫಿಲ್ಲರ್ ಕ್ಯಾಪ್ ತೆಗೆದರೆ ಒಳಗೆ ಗ್ರೀಸ್‌ನಂಥ ಕೆಸರು, ಸುಟ್ಟ ವಾಸನೆ ಇರಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕೂಲಂಟ್ ಸೇರುತ್ತಿರಬಹುದು, ಆಗ ಗಾಡಿ ಓಡಿಸಲೇಬೇಡಿ. ಆಯಿಲ್ ಪ್ರೆಶರ್‌ನ ಕೆಂಪು ಲೈಟ್ ಬಂದರೂ ಅಷ್ಟೇ, ತಕ್ಷಣ ಎಂಜಿನ್ ಆಫ್ ಮಾಡಿ.

ಫ್ಲಶ್ ಬಗ್ಗೆಯೂ ಹುಷಾರು. ಹಳೇ ಎಂಜಿನ್‌ನಲ್ಲಿ ಒಮ್ಮೆಲೇ ಕಿತ್ತುಬಂದ ಕೆಸರು ಆಯಿಲ್ ಪಂಪ್‌ನ ಜಾಲರಿಗೆ ಹೋಗಿ ಸಿಕ್ಕಿಕೊಂಡರೆ ಇಲ್ಲದ ತೊಂದರೆ ಶುರುವಾಗುತ್ತದೆ.

ಕಾರು ಬಿಡುವಾಗಲೇ ಆಯಿಲ್‌ನ ಗ್ರೇಡ್ ಮತ್ತು ಸ್ಪೆಸಿಫಿಕೇಶನ್ (ಕೈಪಿಡಿ ಹೇಳುವ ಗುಣಮಟ್ಟದ ಸಂಕೇತ) ಎರಡನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಕೇಳದೆ ಬೇರೆ ಕೆಲಸ ಮಾಡಬಾರದು ಎಂದೂ ಬರೆಸಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ.