ಆಯಿಲ್ ಪೇಸ್ಟಲ್‌ಗೆ ಫುಲ್ ಮಾರ್ಕು, ಫುಟ್‌ಬಾಲ್‌ಗೆ ಪಾಸ್ ಮಾರ್ಕು

ನಮ್ಮದು ಒಂದರಿಂದ ಐದನೇ ಕ್ಲಾಸಿನ ಸರ್ಕಾರಿ ಶಾಲೆ. ಡ್ರಾಯಿಂಗ್ ಮೇಷ್ಟ್ರೂ ಇಲ್ಲ, ಪಿಟಿ ಮೇಷ್ಟ್ರೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇವರಿಬ್ಬರ ಮಾತು ಬರುವುದು 6ರಿಂದ 8ನೇ ಕ್ಲಾಸಿಗೆ, ಅದೂ ಶಾಲೆಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ. ಹಾಗಾಗಿ ಗಣಿತ ಹೇಳಿಕೊಡುವವರೇ ಬಣ್ಣವನ್ನೂ ಹಂಚಬೇಕು, ಸೀಟಿಯನ್ನೂ ಊದಬೇಕು. ಎರಡಕ್ಕೂ ಅಂತ ತಂದ ಸಾಮಾನಿನಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದಕ್ಕೆ ದುಡ್ಡು ದಂಡ ಅಂತ ಹೇಳುತ್ತೇನೆ. ನನ್ನ ಅಳತೆ ಒಂದೇ: ಅದನ್ನು ತೆಗೆದಾಗ ಎಷ್ಟು ಮಕ್ಕಳು ಸುಮ್ನೆ ನಿಂತು ನೋಡುತ್ತಾರೆ?

ಮೊದಲು ಆಯಿಲ್ ಪೇಸ್ಟಲ್, 25 ಬಣ್ಣದ ಬಾಕ್ಸು. ಮೇಣದ ಕ್ರೇಯಾನ್‌ಗಿಂತ ಬೆಲೆ ಜಾಸ್ತಿ, ಆದರೆ ಕ್ರೇಯಾನ್‌ನಲ್ಲಿ ಒಂದನೇ ಕ್ಲಾಸಿನ ಪುಟ್ಟ ಕೈ ಎಷ್ಟು ಒತ್ತಿದರೂ ಬಣ್ಣ ತೆಳುವಾಗಿಯೇ ಬರುತ್ತದೆ. ಪೇಸ್ಟಲ್ ಮೆತ್ತಗಿರುತ್ತದೆ, ಮುಟ್ಟಿಸಿದರೆ ಸಾಕು. ಕಿರಿಕಿರಿಯೂ ಉಂಟು. ಎಣ್ಣೆ ಇರುವುದರಿಂದ ಪೂರ್ತಿ ಒಣಗುವುದೇ ಇಲ್ಲ, ಯೂನಿಫಾರ್ಮಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಲ್ಲಿಟ್ಟರೆ ಕೈಗೆ ಅಂಟುತ್ತದೆ. ಕಪ್ಪು ಎಲ್ಲಕ್ಕಿಂತ ಮೊದಲು ಖಾಲಿ. ಬಿಳಿ ಮಾತ್ರ ಹಾಗೇ ಉಳಿಯುತ್ತದೆ, ಅದನ್ನು ಎಸೆಯಬೇಡಿ. ಬಿಳಿ ಹಾಳೆ ಮೇಲೆ ಅದರಲ್ಲೇ ಏನಾದರೂ ಬರೆಸಿ, ಮೇಲೆ ನೀರು ನೀರಾದ ನೀಲಿ ವಾಟರ್ ಕಲರ್ ಬಳಿಸಿ. ಎಣ್ಣೆ ಇದ್ದ ಕಡೆ ನೀರು ಹಿಡಿಯುವುದಿಲ್ಲವಲ್ಲ, ಅಲ್ಲಿಯವರೆಗೆ ಕಾಣದಿದ್ದ ಚಿತ್ರ ಎದ್ದು ಬರುತ್ತದೆ. ಆಗ ಕ್ಲಾಸಲ್ಲಿ ಏಳುವ ಗಲಾಟೆಗೆ ಪಕ್ಕದ ಕೋಣೆಯ ಟೀಚರ್ ಬಂದು ಇಣುಕಿ ಹೋದರು.

ಈ ಬಾಕ್ಸಿಗೆ ಫುಲ್ ಮಾರ್ಕು ಕೊಡಲು ಇನ್ನೊಂದು ಕಾರಣ ಇದೆ. ಮೂರನೇ ಕ್ಲಾಸಿನ ಒಬ್ಬ ಹುಡುಗ, ಓದು ಅಂದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುವವನು, ಎತ್ತಿನ ಚಿತ್ರ ಬರೆದ. ಡುಬ್ಬ, ಮೂಗುದಾರ, ಹೆಗಲ ಮೇಲಿನ ನೊಗ, ಎಲ್ಲ ಇರಬೇಕಾದ ಜಾಗದಲ್ಲೇ ಇತ್ತು. ಮನೆಯಲ್ಲಿ ದಿನಾ ನೋಡುತ್ತಾನಲ್ಲ. ಯಾವುದು ಏನು ಅಂತ ಪಕ್ಕದಲ್ಲಿ ಬರಿ ಎಂದೆ. ಸ್ವಲ್ಪ ಹೊತ್ತಿಗೆ ಎದ್ದು ಬಂದು "ಮಿಸ್, ಮೂಗುದಾರ ಹೆಂಗೆ ಬರಿಯೋದು?" ಎಂದು ಕೇಳಿದ. ಅವನು ತಾನಾಗಿ ಅಕ್ಷರ ಕೇಳಿದ್ದು ಅದೇ ಮೊದಲು. ಈ ಕೆಲಸದಲ್ಲಿ ಸಂಬಳದ ಜೊತೆ ಸಿಗುವುದು ಇಂಥದ್ದೇ, ಅದು ಯಾವ ದಿನ ಸಿಗುತ್ತದೆ ಅಂತ ಮಾತ್ರ ಹೇಳಕ್ಕಾಗಲ್ಲ.

ಆಟದ ಸಾಮಾನಿನಲ್ಲಿ ಗೆದ್ದಿದ್ದು ಟೆನಿಕಾಯ್ಟ್, ಅಂದರೆ ನೆಟ್ಟಿನ ಮೇಲಿಂದ ಎಸೆದು ಹಿಡಿಯುವ ಆಟದ ರಬ್ಬರ್ ರಿಂಗ್. ಕಂಬ, ನೆಟ್ ಯಾವುದೂ ಬೇಡ, ಎರಡು ಮರಕ್ಕೆ ಹಗ್ಗ ಕಟ್ಟಿದರೆ ಮುಗಿಯಿತು. ಒಂದೇ ಕೈಲಿ ಹಿಡಿಯಬೇಕು ಅನ್ನುವ ನಿಯಮ ಚಿಕ್ಕವರಿಗೆ ಕಷ್ಟ, ಶುರುವಿಗೆ ಎರಡು ಕೈಯಲ್ಲಿ ಹಿಡಿಯಲಿ ಬಿಡಿ. ಜೋರಾಗಿ ಓಡಲಾರದ ಮಕ್ಕಳಿಗೂ ಇದರಲ್ಲಿ ಜಾಗ ಇದೆ. ತಂಡ ಮಾಡುವಾಗ ಯಾವಾಗಲೂ ಕೊನೆಗೆ ಉಳಿಯುತ್ತಿದ್ದ ಹುಡುಗಿಯನ್ನು ಈಗ ಮೊದಲೇ ಕರೆಯುತ್ತಾರೆ, ಅವಳು ಎಸೆದ ರಿಂಗು ಹಗ್ಗಕ್ಕೆ ತಾಗುವುದೇ ಇಲ್ಲ.

ಫುಟ್‌ಬಾಲ್ ತಂದಾಗ ಮಕ್ಕಳು ಕುಣಿದಾಡಿದ್ದು ನಿಜ. ಆದರೆ ಒಂದು ಚೆಂಡು, ಅದರ ಹಿಂದೆ ಐದಾರು ದೊಡ್ಡ ಹುಡುಗರು, ಉಳಿದವರು ಪ್ರೇಕ್ಷಕರು. ಬೇಲಿಯಾಚೆ ಜಾಲಿ ಮುಳ್ಳು ಬೇರೆ. ಪಂಪಿನ ಸೂಜಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಪ್ಲಾಸ್ಟಿಕ್ ಹಿಡಿಯ ಸ್ಕಿಪ್ಪಿಂಗ್ ಹಗ್ಗವಂತೂ ತೆಗೆದುಕೊಳ್ಳಲೇಬೇಡಿ, ಹಿಡಿ ಬೇಗ ಕಿತ್ತು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ದಪ್ಪ ಹಗ್ಗ ತಂದು ಇಬ್ಬರ ಕೈಲಿ ತಿರುಗಿಸಿದರೆ ಒಟ್ಟಿಗೆ ನಾಲ್ಕೈದು ಮಕ್ಕಳು ಜಿಗಿಯಬಹುದು. ಖೊಖೊಗೆ ಒಂದಿಷ್ಟು ಸುಣ್ಣದ ಪುಡಿ ಬಿಟ್ಟರೆ ಖರ್ಚೇ ಇಲ್ಲ.

ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಕ್ರೀಡಾ ಅನುದಾನ ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 5,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕಕ್ಕೆ 10,000ವರೆಗೆ. ಇದರಲ್ಲಿ ರೆಡಿಮೇಡ್ ಕಿಟ್ ಕೊಳ್ಳಿ ಅಂತ ಅಂಗಡಿಯವರು ಬಲವಂತ ಮಾಡುತ್ತಾರೆ. ಬಿಡಿಬಿಡಿಯಾಗಿ ಕೇಳಿ. ರಿಂಗನ್ನು ಅಲ್ಲೇ ಬಗ್ಗಿಸಿ ನೋಡಿ, ಜೋಡಣೆ ಇರುವ ಕಡೆ ಸೀಳು ಕಂಡರೆ ಬೇರೆ ಕೊಡಿ ಅನ್ನಿ.